ಐದನೇ ಹಂತದ ರದ್ದತಿ

ಕಳೆದ ತಿಂಗಳ ಒಂದನೇ ತಾರೀಖಿನಿಂದ ಜಾರಿಗೆ ಬರುವಂತೆ ನಮ್ಮ ಆಸ್ಪತ್ರೆಯ ವ್ಯಾಪ್ತಿಯಲ್ಲಿ ಮೂತ್ರಪಿಂಡ ಕಾಯಿಲೆಯ ಐದನೇ ಹಂತವನ್ನು ರದ್ದುಪಡಿಸಲಾಗಿದೆ. ಇದರಿಂದ ಒಂದೇ ದಿನದಲ್ಲಿ ನಲವತ್ತಮೂರು ಜನರ ಆರೋಗ್ಯ ಸುಧಾರಿಸಿತು. ಒಂದು ಮಾತ್ರೆಯೂ ಖರ್ಚಾಗಲಿಲ್ಲ. ಆದೇಶ ಟೈಪ್ ಮಾಡಿದ ಗುಮಾಸ್ತ ನಾನೇ ಆದ್ದರಿಂದ ಇದನ್ನು ಎದೆ ತಟ್ಟಿ ಹೇಳಬಲ್ಲೆ.

ತಿಳಿಯದವರಿಗೆ ಒಂದಿಷ್ಟು ವಿವರಣೆ. ರಕ್ತ ಸೋಸುವುದು ಮೂತ್ರಪಿಂಡದ ಕೆಲಸ. ಸಕ್ಕರೆ ಕಾಯಿಲೆ, ಬಿ.ಪಿ. ವರ್ಷಗಟ್ಟಲೆ ಹದ್ದುಮೀರಿದರೆ ಅದು ಸದ್ದಿಲ್ಲದೆ ಹಾಳಾಗುತ್ತದೆ. ಬೇಗ ಪತ್ತೆಯಾದರೆ ಉಪ್ಪು ತಗ್ಗಿಸಿ, ಬಿ.ಪಿ., ಸಕ್ಕರೆಯನ್ನು ಹಿಡಿತದಲ್ಲಿಟ್ಟು, ಕಂಡಕಂಡ ನೋವಿನ ಮಾತ್ರೆ ನುಂಗುವುದನ್ನು ಬಿಟ್ಟರೆ ಕಾಯಿಲೆಯ ಓಟ ನಿಧಾನವಾಗುತ್ತದೆ. ಸೋಸುವ ಶಕ್ತಿ ನೂರಕ್ಕೆ ಹದಿನೈದಕ್ಕಿಂತ ಕೆಳಗಿಳಿದರೆ ಅದು ಐದನೇ ಹಂತ. ಅಲ್ಲಿ ಅನೇಕರಿಗೆ ಡಯಾಲಿಸಿಸ್ ಯಂತ್ರವೇ ಗತಿ. ಇದೆಲ್ಲ ನಮ್ಮ ಡಾಕ್ಟರಮ್ಮ ಹೇಳಿದ್ದು. ಪಾಪ, ಆಕೆಗೆ ಕಾಯಿಲೆ ಗೊತ್ತು, ಆಡಳಿತ ಗೊತ್ತಿಲ್ಲ.

ಐದನೇ ಹಂತದ ರೋಗಿಗಳ ಸಂಖ್ಯೆಯನ್ನು ವರ್ಷಾಂತ್ಯಕ್ಕೆ ಅರ್ಧಕ್ಕಿಳಿಸಬೇಕೆಂದು ಮೇಲಿನಿಂದ ಪತ್ರ ಬಂತು. ನಿರ್ದೇಶಕರು ಸಭೆ ಕರೆದರು.

"ಸಕ್ಕರೆ ಕಾಯಿಲೆ ಇರೋರಿಗೆಲ್ಲ ಪ್ರತಿ ವರ್ಷ ರಕ್ತ, ಮೂತ್ರ ಪರೀಕ್ಷೆ ಮಾಡೋಣ ಸಾರ್. ಹತ್ತು ವರ್ಷದಲ್ಲಿ ಸಂಖ್ಯೆ ತಾನಾಗೇ ಇಳಿಯುತ್ತೆ," ಎಂದರು ಡಾಕ್ಟರಮ್ಮ.

"ನನ್ನ ನಿವೃತ್ತಿಗೆ ಎಂಟೇ ತಿಂಗಳು ಇರೋದಮ್ಮ," ಎಂದ ನಿರ್ದೇಶಕರು ಗೋಡೆಯ ಮೇಲಿದ್ದ ಹಂತಗಳ ಪಟ್ಟಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಆಮೇಲೆ ಕತ್ತರಿ ತರಿಸಿ, ಪಟ್ಟಿಯ ಕೊನೆಯ ಸಾಲನ್ನು ನೀಟಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಡಾಕ್ಟರಮ್ಮ ತಟ್ಟಲಿಲ್ಲ ಎಂಬುದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿದ್ದೇನೆ.

ಸೋಮವಾರ ಮಾರುಕಟ್ಟೆ ಬೀದಿಯ ದರ್ಜಿ ಎಂದಿನಂತೆ ಡಯಾಲಿಸಿಸ್‌ಗೆ ಬಂದ. ಜೊತೆಗೆ ಹೆಂಡತಿ. ಎರಡು ವರ್ಷದಿಂದ ವಾರಕ್ಕೆರಡು ಸಲ ಬರುವವರು.

"ಯಂತ್ರ ಐದನೇ ಹಂತದವರಿಗೆ ಮಾತ್ರ. ನೀವೀಗ ನಾಲ್ಕನೇ ಹಂತ, ಅಭಿನಂದನೆಗಳು," ಎಂದೆ.

"ಕಾಲು ನೋಡಿ ಸ್ವಾಮಿ, ಹೆಂಗೆ ಊದಿದೆ. ಮಲಗಿದ್ರೆ ಉಸಿರು ಕಟ್ಟುತ್ತೆ."

"ಕಾಲು ನಮ್ಮ ವಿಭಾಗಕ್ಕೆ ಬರೋದಿಲ್ಲ."

"ನಿಮ್ಮ ಹೊಟ್ಟೆ ತಣ್ಣಗಿರಲಿ, ಯಂತ್ರ ಒಳಗೆ ಖಾಲಿ ಬಿದ್ದಿದೆಯಲ್ಲಣ್ಣ!" ಎಂದಳು ಹೆಂಡತಿ.

"ಖಾಲಿ ಬಿದ್ದಿರೋದೇ ಸಾಧನೆಯಮ್ಮ."

"ಥೂ! ಅದೂ ಒಂದು ಸಾಧನೆಯಾ? ಇವರು ಸತ್ತರೆ ನೀನು ಬಂದು ಅಂಗಡಿ ಬಾಗಿಲು ತೆಗೀತೀಯಾ?"

ಜನಕ್ಕೆ ಎಷ್ಟು ಒಳ್ಳೆಯದು ಮಾಡಿದರೂ ಅಷ್ಟೇ. ಡಾಕ್ಟರಮ್ಮ ಓಡಿ ಬಂದು, ಈತನಿಗೆ ಇಂದೇ ಡಯಾಲಿಸಿಸ್ ಆಗಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಚೀಟಿಯನ್ನು ಕಡತಕ್ಕೆ ಸೇರಿಸಿ ದರ್ಜಿಯನ್ನು ಮನೆಗೆ ಕಳಿಸಿದೆ. ಅಸ್ತಿತ್ವದಲ್ಲಿಲ್ಲದ ಹಂತಕ್ಕೆ ಶಿಫಾರಸು ಮಾಡಿದ್ದೇಕೆ ಎಂದು ಮಧ್ಯಾಹ್ನವೇ ಅವರಿಗೆ ನೋಟಿಸ್ ಹೋಯಿತು. ಮರುದಿನ ಅವರನ್ನು ಹಾಸಿಗೆ ಹೊದಿಕೆಗಳ ದಾಸ್ತಾನು ಕೋಣೆಗೆ ವರ್ಗ ಮಾಡಲಾಯಿತು.

ಗುರುವಾರ ಸುಧಾರಿಸಿದವರಿಗೆ ಪ್ರಮಾಣಪತ್ರ ವಿತರಣೆ. ದರ್ಜಿಯ ಹೆಸರು ಕೂಗಿದಾಗ ಆತನಿಗೆ ಏಳಲಾಗಲಿಲ್ಲ. ಕುಳಿತಲ್ಲೇ ಸ್ವೀಕರಿಸಲು ನಿರ್ದೇಶಕರು ದೊಡ್ಡ ಮನಸ್ಸು ಮಾಡಿ ಅನುಮತಿ ಕೊಟ್ಟರು. ಬಾತ ಮುಖ ಫೋಟೋದಲ್ಲಿ ದುಂಡಗೆ, ಮೈಕೈ ತುಂಬಿಕೊಂಡಂತೆ ಬಂದಿದೆ. ಅದನ್ನೇ ವಾರ್ಷಿಕ ವರದಿಯ ರಕ್ಷಾಪುಟಕ್ಕೆ ಆರಿಸಿದ್ದೇವೆ.

ಮುಂದಿನ ಸೋಮವಾರ ಹೆಂಡತಿ ಆ ಪ್ರಮಾಣಪತ್ರ ಹಿಡಿದು ಒಬ್ಬಳೇ ಬಂದಳು. ಈ ಸಲ ಕೂಗಾಡಲಿಲ್ಲ.

"ನಿನ್ನೆ ಹೋಗಿಬಿಟ್ರು," ಎಂದಳು. "ಒಂದು ಲೋಟ ನೀರಿಗೆ ಆಸೆಪಟ್ರು. ಕುಡಿದ್ರೆ ಉಸಿರಾಟಕ್ಕೆ ತೊಂದರೆ ಆಗುತ್ತೆ ಅಂತ ನಾನು ಕೊಡಲಿಲ್ಲ. ಕೊಟ್ಟುಬಿಡಬೇಕಿತ್ತು ಅಣ್ಣ."

ನಾನು ರಿಜಿಸ್ಟರ್ ತೆಗೆದೆ. ಮರಣದ ಕಾಲಂ ಇದ್ದದ್ದು ಐದನೇ ಹಂತದ ಪುಟದಲ್ಲಿ. ಆ ಪುಟವನ್ನು ಹರಿದಾಗಿತ್ತು. ನಾಲ್ಕನೇ ಹಂತದ ಪುಟದಲ್ಲಿ ಎರಡೇ ಕಾಲಂ: 'ಚಿಕಿತ್ಸೆಯಲ್ಲಿದ್ದಾರೆ', 'ಗುಣಮುಖ'. ಪರಿಷ್ಕೃತ ನಿಯಮ ಏಳರ ಪ್ರಕಾರ, ಇನ್ನು ಮುಂದೆ ಆಸ್ಪತ್ರೆಯ ಅಗತ್ಯವೇ ಬೀಳದ ವ್ಯಕ್ತಿಯನ್ನು ಗುಣಮುಖ ಎಂದು ಪರಿಗಣಿಸತಕ್ಕದ್ದು.

"ಅವರಿಗೆ ಇನ್ನು ಆಸ್ಪತ್ರೆ ಬೇಕಾಗುತ್ತಾ?" ಎಂದು ನಿಯಮದಂತೆ ಕೇಳಿದೆ.

"ಇಲ್ಲ," ಎಂದಳು.

ಎರಡನೇ ಕಾಲಂನಲ್ಲಿ ಗುರುತು ಹಾಕಿ, ಸಹಿಗೆಂದು ರಿಜಿಸ್ಟರನ್ನು ಅವಳತ್ತ ತಿರುಗಿಸಿದೆ. ಹಿಂದೆ ಸಾಲಿನಲ್ಲಿದ್ದವರು, "ಬೇಗ ಹಾಕಮ್ಮ, ನಮಗೂ ಹೊತ್ತಾಗುತ್ತೆ," ಎಂದರು. ಅವರ ಕೈಯಲ್ಲೂ ಅಂಥವೇ ಪ್ರಮಾಣಪತ್ರಗಳಿದ್ದವು. ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬರ ಜಾಗ ಖಾಲಿ.

"ಎಲ್ಲಿ ಹಾಕ್ಲಿ ಅಣ್ಣ, ಸಹಿ?" ಎಂದು ಆಕೆ ಕೇಳಿದಳು. ನಾನು ಜಾಗ ತೋರಿಸಿದೆ.