ಬ್ಲೇಡಿನ ಚಂದಾದಾರ

ನನ್ನ ಹೆಸರು ಸಂಗ್ರಾಮ. ಆದರೆ ಮನೆಯಲ್ಲಿ ನಾನು ಗೆದ್ದ ಸಂಗ್ರಾಮ ಒಂದೂ ಇಲ್ಲ. ಇಪ್ಪತ್ನಾಲ್ಕು ವರ್ಷಗಳಿಂದ ನಡೆದು ಬಂದಿರುವುದು ಬ್ಲೇಡಿನ ಯುದ್ಧ. ನನ್ನ ಹೆಂಡತಿ ಮೇಘಾ ಬೋರಗಾಂವದ ನಮ್ಮ ಮನೆಯ ಪಡಸಾಲೆಯಲ್ಲೇ ಜಂಪರು ಹೊಲಿಯುತ್ತಾಳೆ. ಹೊಲಿಯುವುದಕ್ಕಿಂತ ಬಿಚ್ಚುವುದೇ ಹೆಚ್ಚು (ಈ ಮಾತನ್ನು ಅವಳೆದುರು ಆಡುವ ಧೈರ್ಯ ನನಗಿಲ್ಲ). ಬಿಚ್ಚಲು ಅವಳಿಗೆ ಅರ್ಧ ಬ್ಲೇಡು ಬೇಕು. ಉಳಿದರ್ಧ ನನ್ನ ಪಾಲಿಗೆ. ಅರ್ಧ ಬ್ಲೇಡಿನಿಂದ ಹೊಲಿಗೆ ಬಿಚ್ಚಬಹುದು, ಗಡ್ಡ ತೆಗೆಯಲಾಗದು. ಹೊಸ ಬ್ಲೇಡುಗಳನ್ನು ಕಪಾಟಿನ ಮೇಲೆ, ಕ್ಯಾಲೆಂಡರಿನ ಹಿಂದೆ, ಒಮ್ಮೆ ಹತ್ತನೇ ಇಯತ್ತೆಯ ಗಣಿತ ಪುಸ್ತಕದೊಳಗೂ ಬಚ್ಚಿಟ್ಟೆ (ನಾನು ಹೈಸ್ಕೂಲಿನ ಗಣಿತದ ಮಾಸ್ತರ). ಎಲ್ಲಿಟ್ಟರೂ ಅವಳ ಕೈಗೆ ಸಿಗುತ್ತಿದ್ದವು.

ಹೋದ ತಿಂಗಳು ದಾರದ ಎಳೆ ಅಂಟಿದ್ದ ಬ್ಲೇಡಿನಿಂದ ಗದ್ದ ಕೊಯ್ದುಕೊಂಡು, ಹತ್ತಿ ಅಂಟಿಸಿಕೊಂಡೇ ಶಾಲೆಗೆ ಹೋದೆ. ಅಂದೇ ಪ್ರತಿಜ್ಞೆ ಮಾಡಿದೆ, ಇನ್ನು ನನ್ನ ಮುಖಕ್ಕೆ ನನ್ನದೇ ಬ್ಲೇಡು.

ದಾರಿ ಮೊಬೈಲಿನಲ್ಲಿ ಸಿಕ್ಕಿತು. ಒಂದು ಕಂಪನಿಗೆ ಚಂದಾದಾರರಾದರೆ ರೇಜರಿನ ಹಿಡಿಕೆಯೊಂದು ಬರುತ್ತದೆ, ಆಮೇಲೆ ತಿಂಗಳು ತಿಂಗಳೂ ಹೊಸ ಬ್ಲೇಡು ಮನೆಗೇ ಬರುತ್ತವೆ. ರೇಜರಿನ ಒಂದೊಂದು ತಲೆಯಲ್ಲಿ ಐದು ಬ್ಲೇಡು. ಪಾಂಡವರ ಹಾಗೆ ಐದೂ ಕೂಡಿಯೇ ಇರುತ್ತವೆ, ಮುರಿದು ಪಾಲು ಮಾಡುವಂತಿಲ್ಲ. ಫಾರ್ಮು ತುಂಬುವಾಗ ‘ನಿಮ್ಮ ಚರ್ಮ ಸೂಕ್ಷ್ಮವೇ?’ ಎಂಬ ಪ್ರಶ್ನೆ ಬಂತು. ಮೇಘಾಳನ್ನು ಕೇಳಿದೆ. ಅವಳು ಮಷಿನ್ ನಿಲ್ಲಿಸದೆ, "ಚರ್ಮ ದಪ್ಪ ಐತ್ರಿ. ಸಿಟ್ಟ ಅಷ್ಟ ಸೂಕ್ಷ್ಮ" ಎಂದಳು. ಅದನ್ನೇ ತುಂಬಿದೆ.

ಪಾರ್ಸಲ್ಲಿನವನು ಶನಿವಾರ ನಿಪ್ಪಾಣಿಯಿಂದ ಫೋನ್ ಮಾಡಿ, ಬೋರಗಾಂವದ ಕಡೆ ಬರುವುದು ಸೋಮವಾರವೇ ಎಂದ. ನಾನು ಒಪ್ಪಲಿಲ್ಲ. ಭಾನುವಾರ ಮಗಳು ಮಯೂರಿಯನ್ನು ನೋಡಲು ಶಿರಗುಪ್ಪಿಯಿಂದ ಬೀಗರಾಗುವವರು ಬರುವವರಿದ್ದರು. ಹುಡುಗ ನಿತಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಅವನ ಫೋಟೋ ಮಯೂರಿಯ ಮನಸ್ಸಿಗೆ ಬಂದಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮೊಬೈಲು ಚಾರ್ಜಿಗಿಟ್ಟಾಗಲೂ ಅದನ್ನೇ ನೋಡುತ್ತಿದ್ದಳು. ಅಂಥ ದಿನ ಹುಡುಗಿಯ ಅಪ್ಪನ ಗದ್ದದ ಮೇಲೆ ಹತ್ತಿ ಇರಬಾರದು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ತಿನ್ನುತ್ತ ಬೈಕಿನಲ್ಲಿ ನಿಪ್ಪಾಣಿಗೆ ಹೋಗಿ, ಡಬ್ಬಿಯನ್ನು ನಾನೇ ತಂದೆ.

ಭಾನುವಾರ ಮುಂಜಾನೆ ಬಚ್ಚಲಿನ ಬಾಗಿಲು ಹಾಕಿಕೊಂಡೆ. ಡಬ್ಬಿಯೊಳಗಿನ ಕಾಗದದಲ್ಲಿ ಬರೆದಂತೆ ಬಿಸಿನೀರು ಹಚ್ಚಿ, ನೊರೆ ಬಳಿದು ಶುರುಮಾಡಿದೆ. ಎರಡೂ ಕೆನ್ನೆ ಬೆಣ್ಣೆಯಂತಾದವು. ಆನಂದದಲ್ಲಿ ಕೈ ಮೂಗಿನ ಕೆಳಗೆ ಹೋಯಿತು. ಹಳೆಯ ಕೈಗೆ ಐದು ಬ್ಲೇಡಿನ ಅಗಲದ ಅಂದಾಜು ಎಲ್ಲಿಂದ ಬರಬೇಕು? ನೊರೆ ತೊಳೆದು ನೋಡಿದರೆ ಎಡಗಡೆಯ ಮೀಸೆ ಅರ್ಧ ಇರಲಿಲ್ಲ.

ನನ್ನ ಮೀಸೆ ಸಾಮಾನ್ಯದ್ದಲ್ಲ. ಶಾಲೆಯ ಮಕ್ಕಳಷ್ಟೇ ಅಲ್ಲ, ಶಿರಗುಪ್ಪಿಯವರೂ ನನ್ನನ್ನು ‘ಮೀಸಿ ಮಾಸ್ತರ’ ಎಂದೇ ಕರೆಯುವುದು. ಮೆಲ್ಲಗೆ ಮೇಘಾಳನ್ನು ಕರೆದೆ. ಅವಳು ನಗಲಿಲ್ಲ. ಕೊರಳಲ್ಲಿದ್ದ ಟೇಪು ಕೈಗೆ ತಗೊಂಡು ನನ್ನ ತುಟಿಯ ಮೇಲಿಟ್ಟಳು.

"ಎಡಕ್ಕ ಅರ್ಧಾ ಇಂಚ ಕಮ್ಮಿ ಬಿದ್ದೈತ್ರಿ. ಬಲಕ್ಕೂ ಅಷ್ಟ ತಗೀರಿ."

ತೆಗೆದೆ. ಬಲಗಡೆ ಒಂದು ನೂಲು ಹೆಚ್ಚಿಗೆ ಹೋಯಿತು. ಎಡಗಡೆ ಮತ್ತಷ್ಟು ತೆಗೆದೆ. ಸಮೀಕರಣ ಬಿಡಿಸದೆ ಬಿಡುವ ಮಾಸ್ತರ ನಾನಲ್ಲ. ಕೊನೆಗೆ ಎಡಬದಿ, ಬಲಬದಿ ಎರಡೂ ಸಮವಾದವು. ಎರಡೂ ಸೊನ್ನೆ.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಮೊದಲು ಇಳಿದವಳು ನಿತಿನನ ಅಜ್ಜಿ ಕಾಶಿಬಾಯಿ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದವಳೇ ಒಳಗೆ ಕಾಲಿಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಕಟ್ಟೆಯ ಮೇಲೆ ಕೂತಳು. ಮೀಸೆ ಯಾಕೆ ಇಲ್ಲವೆಂದು ಕೇಳಿದರೆ ನಿಜ ಹೇಳಿಬಿಡುವುದೆಂದು ನಾನು ಗಟ್ಟಿ ಮನಸ್ಸು ಮಾಡಿದ್ದೆ.

"ಯಾವಾಗ ಆತ್ರಿ ಮಾಸ್ತರ?" ಎಂದಳು.

"ಈಗ, ಮುಂಜೇಲೆ ಎಂಟರ ಸುಮಾರಕ್ಕ."

"ಭಾಳ ತ್ರಾಸ ಆತೇನು?"

"ಇಲ್ರಿ. ಮದಲ ಎಡಗಡೀದು ಹೋತು. ಸಮಾ ಮಾಡಾಕ ನೋಡಿದ್ವಿ, ಬಲಗಡೀದೂ ಹೋತು."

"ಲಕ್ವಾ ಹೊಡದ ಎರಡೂ ಮಗ್ಗಲಾ ಹೋಗ್ಯಾವ," ಎಂದು ಕಾಶಿಬಾಯಿ ಹಿಂದೆ ನಿಂತವರಿಗೆ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ತರನ ತಾಯಿ ಅಕ್ಕುತಾಯಿ ಎಂಥ ಪುಣ್ಯವಂತೆಯಾಗಿದ್ದಳು, ಮೊಮ್ಮಗಳ ಮದುವೆ ನೋಡುವ ಭಾಗ್ಯ ಅವಳಿಗೆ ಇಲ್ಲದೇ ಹೋಯಿತಲ್ಲ ಎಂದು ದನಿ ತೆಗೆದು ಅಳತೊಡಗಿದಳು. ಆಗ ನನಗೆ ಹೊಳೆಯಿತು. ನಮ್ಮ ಕಡೆ ಗಂಡಸು ಇದ್ದಕ್ಕಿದ್ದಂತೆ ಮೀಸೆ ತೆಗೆದನೆಂದರೆ ಮನೆಯಲ್ಲಿ ಯಾರೋ ತೀರಿಕೊಂಡರೆಂದೇ ಲೆಕ್ಕ. ಹಿಂದಿನ ತಿಂಗಳು ನನ್ನ ಅವ್ವ ಎದೆಯಲ್ಲಿ ಕಫ ಕಟ್ಟಿ ದವಾಖಾನೆಯಲ್ಲಿದ್ದದ್ದು ಶಿರಗುಪ್ಪಿಯ ತನಕ ಗೊತ್ತಾಗಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ಕೋಲಿನ ಸಪ್ಪಳ ಬಂತು. ಅವ್ವ ಹೊಸ್ತಿಲಲ್ಲಿ ನಿಂತಳು.

"ಯಾರ್ ಬೇ ನನ್ನ ಹೆಸರ ಹಿಡದ ಅಳಾಕತ್ತಾರ? ನಾ ಇನ್ನಾ ಚಾ ಕುಡದಿಲ್ಲ."

ಕಾಶಿಬಾಯಿಯ ಅಳು ಅರ್ಧಕ್ಕೇ ನಿಂತಿತು. ನಿತಿನ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಜೀಪಿನ ಕಡೆ ತಿರುಗಿದ. ಒಳಗಿನಿಂದ ಮಯೂರಿಯ ನಗು ಕೇಳಿತು, ಅವನು ತಿರುಗಿ ನೋಡಿದ, ಅವಳೂ ನೋಡಿದಳು. ನಮ್ಮ ಹಿರಿಯರ ಕೆಲಸ ಅರ್ಧ ಅಲ್ಲೇ ಮುಗಿಯಿತು. ಎಲ್ಲರೂ ಒಳಗೆ ಬಂದು ಕೂತ ಮೇಲೆ ನಾನು ಡಬ್ಬಿಯನ್ನು ನಡುವೆ ಇಟ್ಟುಕೊಂಡು ಚಂದಾದಾರಿಕೆಯ ಬಗ್ಗೆ ಅರ್ಧ ತಾಸು ವಿವರಿಸಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಅವ್ವ ಮತ್ತು ಕಾಶಿಬಾಯಿ ಒಂದೇ ತಟ್ಟೆಯ ಅವಲಕ್ಕಿ ತಿಂದರು.

ಹೊರಡುವಾಗ ಕಾಶಿಬಾಯಿ ತೀರ್ಪು ಕೊಟ್ಟಳು. "ಹುಡುಗಿ ಪಸಂದ ಐತಿ. ಆದ್ರ ನಿಶ್ಚಯಕ್ಕ ನಮ್ಮ ಮಂದಿ ಎಲ್ಲಾ ಬರ್ತಾರ. ಯಾರೂ ಸತ್ತಿಲ್ಲಂತ ಒಬ್ಬೊಬ್ಬರಿಗೆ ಹೇಳಕೋತ ಕುಂದ್ರಾಕ ನನ್ನ ಕೈಲೆ ಆಗೂದಿಲ್ಲ. ಮಾಸ್ತರ ಮೀಸಿ ಬರ್ಲಿ, ಆಮ್ಯಾಲ ತಾರೀಖ ನೋಡೂಣು."

ಈಗ ಮೂರು ವಾರವಾಯಿತು. ನನ್ನ ತುಟಿಗೆ ದಿನಕ್ಕೆ ಮೂರು ಸಲ ಔಡಲೆಣ್ಣೆ ಬೀಳುತ್ತಿದೆ. ಮುಂಜಾನೆ ಮಯೂರಿ ನನ್ನನ್ನು ಕಿಟಕಿಯ ಬೆಳಕಿಗೆ ಕೂಡಿಸಿ, ಮೂಗು ಮತ್ತು ಬಾಯಿಯ ನಡುವಿನ ಪ್ರದೇಶದ ಫೋಟೋ ತೆಗೆದು ನಿತಿನನಿಗೆ ಕಳಿಸುತ್ತಾಳೆ. ಅವನು ಅಜ್ಜಿಗೆ ತೋರಿಸುತ್ತಾನೆ. ನಿನ್ನೆ ಕಾಶಿಬಾಯಿಯ ದನಿಯಲ್ಲೇ ಉತ್ತರ ಬಂತು, ಮನೆಮಂದಿಯೆಲ್ಲ ಕೇಳಿದರು: "ಇದಕ್ಕ ಮೀಸಿ ಅನ್ನಾಕ ಬರೂದಿಲ್ಲ. ಫೋಟೋನೂ ಸರಿ ಬಿದ್ದಿಲ್ಲ, ನಾಳೆ ಮತ್ತ ಕಳಸ್ರಿ."

ಹುಟ್ಟಿದಾಗಿನಿಂದ ನನಗೆ ಎದುರು ಮಾತಾಡದ ಮಗಳು ಇವತ್ತು ನನ್ನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು.

"ಅಪ್ಪಾ, ಸುಮ್ನ ಕುಂದ್ರು. ಅಲಗಾಡಬ್ಯಾಡ."

ನಾನು ಅಲುಗಾಡಲಿಲ್ಲ.