ರೋಮಿನ ಹಿನ್ನೆಲೆ ಹುಡುಕಿ ಹೋದವಳು

ಯಾವ ಕೆಲಸಕ್ಕೂ ಬುನಾದಿ ಗಟ್ಟಿಯಾಗಿರಬೇಕು ಎಂಬುದು ನನ್ನ ನಂಬಿಕೆ. ಎಂ.ಎ. ಇಂಗ್ಲಿಷಿನ ನಾಟಕದ ಪತ್ರಿಕೆಯಲ್ಲಿ ನಾನು ಎರಡು ಸಲ ಫೇಲಾದದ್ದಕ್ಕೆ ಬುನಾದಿ ಇಲ್ಲದ್ದೇ ಕಾರಣವೆಂದು ನಲವತ್ತೆಂಟನೇ ವಯಸ್ಸಿನಲ್ಲಿ ನನಗೆ ಜ್ಞಾನೋದಯವಾಯಿತು. ಮೂರನೆಯದು ಕೊನೆಯ ಅವಕಾಶ. ಪಾಸಾದರೆ ನಾನು ಪಾಠ ಮಾಡುವ ಶಾಲೆಯಲ್ಲಿ ಹೈಸ್ಕೂಲಿಗೆ ಬಡ್ತಿ. ಫೇಲಾದರೆ ನಿವೃತ್ತಿಯವರೆಗೂ ಐದನೇ ಕ್ಲಾಸು!

ಪಠ್ಯ, ಪುರಾತನ ರೋಮಿನ ರಾಜಕೀಯದ ಒಂದು ದುರಂತ ನಾಟಕ. ಗೆದ್ದು ಬಂದ ನಾಯಕ ಎಲ್ಲಿ ರಾಜನಾಗಿಬಿಡುತ್ತಾನೋ ಎಂದು ಹೆದರಿದ ಸ್ನೇಹಿತರು ಅವನನ್ನೇ ಮುಗಿಸುತ್ತಾರೆ. ಪುಸ್ತಕದ ಬೆನ್ನಮೇಲೆ ಇಷ್ಟು ಬರೆದಿತ್ತು. ಮೊದಲ ಪುಟ ತೆರೆದೆ. ತೆರೆದ ತಕ್ಷಣ ಚಿಂತೆ ಹತ್ತಿತು. ರಾಜ ಅಂದರೆ ಈ ಜನಕ್ಕೆ ಯಾಕಷ್ಟು ಭಯ? ಅದು ತಿಳಿಯದೆ ಮುಂದೆ ಓದುವುದು ಹೇಗೆ? ನಾಟಕ ಮುಚ್ಚಿಟ್ಟು ಲೈಬ್ರರಿಯಿಂದ ರೋಮಿನ ದಪ್ಪ ಇತಿಹಾಸ ತಂದೆ.

ಅವರು ಹಿಂದೊಮ್ಮೆ ರಾಜರನ್ನು ಓಡಿಸಿ ಗಣರಾಜ್ಯ ಕಟ್ಟಿಕೊಂಡಿದ್ದರಂತೆ. ಯಾಕೆ ಓಡಿಸಿದರು? ಹಿಂದಕ್ಕೆ ಹೋದೆ. ಆ ರಾಜರು ಬಂದದ್ದಾದರೂ ಎಲ್ಲಿಂದ? ಇನ್ನೂ ಹಿಂದಕ್ಕೆ ಹೋದೆ. ಪರೀಕ್ಷೆ ಹತ್ತಿರ ಬಂದಷ್ಟೂ ನಾನು ದೂರ ಹೋಗುತ್ತಿದ್ದೆ!

ಇನ್ನೊಬ್ಬರಿಗೆ ಹೇಳಿಕೊಟ್ಟರೆ ನೆನಪು ಉಳಿಯುತ್ತದೆ ಎನ್ನುತ್ತಾರಲ್ಲ, ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆಯನ್ನೇ ವಿದ್ಯಾರ್ಥಿನಿ ಮಾಡಿಕೊಂಡೆ.

“ಅಲ್ಲಿ ಕಾನ್ಸುಲ್ ಅಂತ ಇಬ್ರು ಇರ್ತಿದ್ರು ಅತ್ತೆ. ಇಬ್ರಿಗೂ ಸಮ ಅಧಿಕಾರ. ಒಬ್ರು ಬೇಡ ಅಂದ್ರೆ ಇನ್ನೊಬ್ರು ಏನೂ ಮಾಡೋ ಹಾಗಿಲ್ಲ.”

“ಅಡಿಗೆಮನೇಲಿ ನಾವಿಬ್ರು ಇದೀವಲ್ಲ, ಹಂಗೆ.”

“ಸರಿಯಾಗಿ ಹೇಳಿದ್ರಿ!”

“ಇಷ್ಟಕ್ಕೆ ಅಷ್ಟು ದಪ್ಪ ಪುಸ್ತಕ ಯಾಕೆ ಬೇಕಿತ್ತು ಕಣಮ್ಮ? ಅದಿರ್ಲಿ, ಆವಯ್ಯನ್ನ ಕೊಲ್ಲೋದು ಯಾವಾಗ?”

“ಅದಕ್ಕಿನ್ನೂ ನಾನೂರ ಚಿಲ್ಲರೆ ವರ್ಷ ಇದೆ ಅತ್ತೆ.”

ಅತ್ತೆ ತಾಳ್ಮೆಯಿಂದ ಒಂದು ವಾರ ಕಾದು ಮತ್ತೆ ಕೇಳಿದರು. ಅಷ್ಟರಲ್ಲಿ ನಾನು ರೋಮ್ ಕಟ್ಟಿದ ಅವಳಿ ಮಕ್ಕಳಿಗೆ ತೋಳ ಹಾಲೂಡಿಸಿದ ಕಥೆಗೆ ತಲುಪಿದ್ದೆ.

“ಈಗ ಏಳ್ನೂರು ವರ್ಷ ಇದೆ ಅತ್ತೆ.”

“ಹೋದ ವಾರ ನಾನೂರು ಇತ್ತಲ್ಲೇ!”

ಅಂದಿಗೆ ಅವರು ನನ್ನ ಪಾಠ ಬಿಟ್ಟರು. ಪಿಯುಸಿ ಓದುವ ನನ್ನ ಮಗಳನ್ನು ದಿನಾ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡರು. ಅವಳು ಏನೋ ಓದುವುದು, ಕನ್ನಡದಲ್ಲಿ ಹೇಳುವುದು, ಅತ್ತೆ “ಅಯ್ಯೋ ಪಾಪಿ!” ಎನ್ನುವುದು. ಈ ಗಲಾಟೆಯಲ್ಲಿ ಓದಲಾಗುತ್ತಿಲ್ಲವೆಂದು ಸಿಟ್ಟಿನಿಂದ ರೂಮಿನ ಬಾಗಿಲು ಹಾಕಿಕೊಂಡೆ. ಅವರು ಓದುತ್ತಿದ್ದದ್ದು ನನ್ನ ನಾಟಕವನ್ನೇ ಎಂದು ಆಮೇಲೆ ಗೊತ್ತಾಯಿತು!

ಪರೀಕ್ಷೆಯ ದಿನ ಶ್ರೀಗಂಧದ ಕಾವಲಿನಿಂದ ಆಟೋ ಹತ್ತಿದೆ. ವಿಜಯನಗರದ ತಂಗಿಯ ಮನೆಗೆಂದು ಅತ್ತೆಯೂ ಜೊತೆಗೆ ಬಂದರು. ಸುಮನಹಳ್ಳಿಯ ಹತ್ತಿರ ಗಾಡಿಗಳೆಲ್ಲ ನಿಂತವು. ಕೊನೆಯ ಸಲ ಕಣ್ಣಾಡಿಸೋಣವೆಂದು ನೋಟ್‌ಬುಕ್ ತೆರೆದೆ. ತೋಳ, ಏಳು ಗುಡ್ಡ, ಕಾನ್ಸುಲ್, ಸೆನೆಟ್. ಎಲ್ಲ ಇತ್ತು. ನಾಟಕ ಮಾತ್ರ ಇರಲಿಲ್ಲ.

“ಅತ್ತೆ, ನಾನು ನಾಟಕಾನೇ ಓದಿಲ್ಲ!”

ಅತ್ತೆ ಗಾಬರಿಯಾಗಲಿಲ್ಲ. ಸೆರಗು ಸರಿಮಾಡಿಕೊಂಡು ಶುರುಮಾಡಿದರು. “ಆವಯ್ಯನ ಹೆಂಡ್ತಿಗೆ ಕೆಟ್ಟ ಕನಸು ಬಿದ್ದಿರತ್ತೆ ಕಣೇ. ಇವತ್ತು ಮನೆ ಬಿಟ್ಟು ಹೋಗ್ಬೇಡಿ ಅಂತಾಳೆ. ಮೊದ್ಲು ಹೂಂ ಅಂತಾನೆ. ಆಮೇಲೆ ಒಬ್ಬ ಬಂದು ಚೆನ್ನಾಗಿ ಹೊಗಳ್ತಾನೆ. ಆವಯ್ಯ ಹೊರಟೇಬಿಡ್ತಾನೆ!”

“ಹೆಂಡ್ತಿ ಮಾತು ಕೇಳ್ಬೇಕಿತ್ತು,” ಎಂದು ಆಟೋದವರು ಹಿಂದಕ್ಕೆ ತಿರುಗಿದರು. “ಆಮೇಲೆ ಅಜ್ಜಿ?”

“ಸಿಗ್ನಲ್ ಬಿಟ್ಟಿದೆ!” ಎಂದು ನಾನು ಕಿರುಚಿದೆ.

“ಒಂದ್ನಿಮಿಷ ಮೇಡಂ, ಈಗ ಕೊಲ್ತಾರೆ!”

ಕೊಂದರು. ಆ ಸಿಗ್ನಲ್ ಹೋಯಿತು. ಹೆಣದ ಮುಂದೆ ನಿಂತು ಇನ್ನೊಬ್ಬ ಗೆಳೆಯ ಮಾಡಿದ ಭಾಷಣಕ್ಕೆ ಜನ ಕೆರಳಿ ಊರಿಗೆ ಬೆಂಕಿಯಿಡುವಷ್ಟರಲ್ಲಿ ಮತ್ತೊಂದು ಸಿಗ್ನಲ್ಲೂ ಹೋಯಿತು. ನಾನು ಪರೀಕ್ಷಾ ಕೊಠಡಿ ಸೇರಿದಾಗ ಹತ್ತು ನಿಮಿಷ ತಡವಾಗಿತ್ತು.

ಮೊದಲ ಪ್ರಶ್ನೆಯೇ ಐತಿಹಾಸಿಕ ಹಿನ್ನೆಲೆ! ಕಣ್ಣು ತುಂಬಿ ಬಂತು. ತೋಳದಿಂದ ಆರಂಭಿಸಿ ಹತ್ತು ಪುಟ ಬರೆದೆ. ತಲೆಯೆತ್ತಿ ನೋಡಿದರೆ ಉಳಿದಿದ್ದದ್ದು ನಲವತ್ತು ನಿಮಿಷ. ಮಿಕ್ಕ ಪ್ರಶ್ನೆಗಳಿಗೆಲ್ಲ ಅತ್ತೆ ಆಟೋದಲ್ಲಿ ಹೇಳಿದ್ದನ್ನೇ ಅವಸರವಸರವಾಗಿ ಇಂಗ್ಲಿಷಿಗೆ ಇಳಿಸಿದೆ. “ಅಯ್ಯೋ ಪಾಪಿ”ಯೊಂದನ್ನು ಮಾತ್ರ ಬಿಟ್ಟೆ.

ಫಲಿತಾಂಶ ಬಂತು. ಪಾಸು! ಮನೆಗೆಲ್ಲ ಸಿಹಿ ಹಂಚಿದೆ. ಇತಿಹಾಸ ಓದಿದವರನ್ನು ಇತಿಹಾಸ ಕೈಬಿಡುವುದಿಲ್ಲ ಎಂದು ಊಟದ ಹೊತ್ತಿಗೆ ಚಿಕ್ಕ ಭಾಷಣವನ್ನೂ ಮಾಡಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಬುನಾದಿಗೆ ಎಷ್ಟು ಅಂಕ ಬಂತೆಂದು ತೋರಿಸುವ ಹುಮ್ಮಸ್ಸಿನಲ್ಲಿ ಉತ್ತರ ಪತ್ರಿಕೆಯ ಜೆರಾಕ್ಸ್‌ಗೆ ಅರ್ಜಿ ಹಾಕಿ ತರಿಸಿದೆ.

ಹಿನ್ನೆಲೆಗೆ ಹದಿನೈದಕ್ಕೆ ಎರಡು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, “ದಯವಿಟ್ಟು ವಿಷಯಕ್ಕೆ ಬನ್ನಿ.” ಅತ್ತೆಯ ಉತ್ತರಗಳಿಗೆ ಹದಿನೈದಕ್ಕೆ ಹನ್ನೊಂದು, ಹನ್ನೆರಡು. ಒಂದರ ಪಕ್ಕದಲ್ಲಿ, “ಸೊಗಸಾದ ನಿರೂಪಣೆ.”

ನಮ್ಮ ಯಜಮಾನರು ಅದನ್ನು ಎರಡು ಸಲ ಓದಿ, “ಮುಂದಿನ ಸಲ ಪರೀಕ್ಷೆಗೆ ಅಮ್ಮನ ಹೆಸರಲ್ಲೇ ಅರ್ಜಿ ಹಾಕ್ಬಿಡೋಣ,” ಎಂದರು. ನಾವೆಲ್ಲ ನಕ್ಕೆವು.

ಅತ್ತೆ ನಗಲಿಲ್ಲ.

“ಪಾಸ್‌ಪೋರ್ಟ್ ಸೈಜ್ ಫೋಟೋ ಎಷ್ಟು ಬೇಕಾಗತ್ತೆ?” ಎಂದು ಕೇಳಿದರು.