ಶೇಂಗಾ ಎಣ್ಣೆ ಕುಡಿದು ಓಡಿದ ರೇಸು

ನನ್ನನ್ನು ಯಾರಾದರೂ ಬೈದರೆ ನನಗೆ ಅಷ್ಟಾಗಿ ಬೇಜಾರಾಗುವುದಿಲ್ಲ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮಾಲು ಮಾರುವ ಕೆಲಸ ನನ್ನದು. ಡಬ್ಬ ಸೋರುತ್ತದೆ ಎಂದು ಒಬ್ಬ ಅಂಗಡಿಯವನು ಬೈದರೆ, ರೇಟು ಇಳಿಯುವ ಹಿಂದಿನ ದಿನವೇ ಮಾಲು ತಲೆಗೆ ಕಟ್ಟಿದೆಯಲ್ಲೋ ಎಂದು ಇನ್ನೊಬ್ಬ ಬೈಯುತ್ತಾನೆ. "ಹೌದ್ರೀ ಸಾವ್ಕಾರ್ರೆ" ಎಂದು ನಗುತ್ತಾ ಮುಂದಿನ ವಾರದ ಆರ್ಡರು ಹಿಡಿದು ಬರುವವನಿಗೇ ಈ ಕೆಲಸದಲ್ಲಿ ಅನ್ನ. ಆದರೆ ನನ್ನ ಗಾಡಿಯನ್ನು ಯಾರಾದರೂ ಬೈದರೆ ಮಾತ್ರ ಎಲ್ಲಿ ಅಡಗಿರುತ್ತದೋ ಏನೋ, ಪಾಳೇಗಾರರ ಕಾಲದ ರೋಷ ಬಂದು ನೆತ್ತಿಗೇರುತ್ತದೆ. ನಾನು ಯಾರಿಗೆ ಬೇಕಾದರೂ ತಲೆ ತಗ್ಗಿಸಿಯೇನು, ನನ್ನ ಟೂ ಸ್ಟ್ರೋಕ್ ಬೈಕು ಏಕೆ ತಗ್ಗಿಸಬೇಕು?

ಅದು ನನಗೆ ಮದುವೆಗಿಂತ ಮೊದಲೇ ಕೂಡಿಬಂದ ಗಾಡಿ. ಪೆಟ್ರೋಲಿನ ಜೊತೆ ಅಳತೆಯಾಗಿ ಆಯಿಲ್ ಬೆರೆಸಿ ಕುಡಿಸಬೇಕು, ಕುಡಿದದ್ದನ್ನು ಅದು ನೀಲಿ ಹೊಗೆಯಾಗಿ ಊರಿಗೆಲ್ಲ ಹಂಚುತ್ತದೆ. ನಮ್ಮ ಓಣಿಯಲ್ಲಿ ನಾನು ಹೊರಡುವ ಹೊತ್ತಿಗೆ ಯಾರೂ ಬಟ್ಟೆ ಒಣಹಾಕುವುದಿಲ್ಲ. ನನ್ನಿವಾಳ ಎಂಬ ಹಳ್ಳಿಯಲ್ಲಿ ಒಮ್ಮೆ ಇದರ ಸದ್ದಿಗೆ ಜೋಡೆತ್ತುಗಳು ಬೆದರಿ ಬಂಡಿ ಸಮೇತ ಶೇಂಗಾ ಹೊಲಕ್ಕೆ ನುಗ್ಗಿದವು. ಆ ಹೊಲದವರು ಈಗಲೂ ನನ್ನಿಂದ ಎಣ್ಣೆ ಕೊಳ್ಳುವುದಿಲ್ಲ. ಹಾಗೆಂದು ಅದರಿಂದ ಉಪಯೋಗವೇ ಇಲ್ಲ ಎನ್ನುವಂತಿಲ್ಲ. ನಾನು ರಾಂಪುರದ ಕಡೆಯಿಂದ ತಿರುಗಾಟ ಮುಗಿಸಿ ಬರುವಾಗ ಅದರ ಪಟಪಟ ಸದ್ದು ಊರ ಹೊರಗಿನಿಂದಲೇ ಮನೆಗೆ ಕೇಳುತ್ತದೆ. ಸದ್ದು ಕೇಳಿದ ಕೂಡಲೇ ನನ್ನ ಹೆಂಡತಿ ರತ್ನ ಮುದ್ದೆಗೆ ಎಸರಿಡುತ್ತಾಳೆ. ನಾನು ಕೈಕಾಲು ತೊಳೆದು ಕೂರುವುದಕ್ಕೂ ಬಿಸಿ ಮುದ್ದೆ ತಟ್ಟೆಗೆ ಬೀಳುವುದಕ್ಕೂ ಸರಿಹೋಗುತ್ತದೆ. ಇಷ್ಟು ಅನುಕೂಲ ಮಾಡಿಕೊಟ್ಟ ಗಾಡಿಯ ಮೇಲೆ ರತ್ನಳಿಗೆ ಕಿಂಚಿತ್ತೂ ಕೃತಜ್ಞತೆ ಇರಲಿಲ್ಲ. ಅವಳ ಪ್ರಕಾರ ಅದು ಗುಜರಿಗೆ ಹೋಗಬೇಕಾದ ಮಾಲು, ಅದನ್ನು ತಡೆದು ನಿಲ್ಲಿಸಿರುವ ಏಕೈಕ ಅಡ್ಡಿ ನಾನು.

ಅಷ್ಟರಲ್ಲಿ ನನ್ನ ಭಾಮೈದ ತಿಪ್ಪೇಶ ಹೊಸ ಫೋರ್ ಸ್ಟ್ರೋಕ್ ಬೈಕು ಕೊಂಡ. ಅವನದು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಸೀರೆಯ ಗಂಟು ಕಟ್ಟಿಕೊಂಡು ಬಳ್ಳಾರಿಗೆ ಓಡಾಡುವವನಿಗೆ ಗಾಡಿ ಬೇಕಾದದ್ದೇ, ಅದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಆ ಗಾಡಿ ಬಂದ ಮೇಲೆ ಅವನ ಬಾಯಲ್ಲಿ ಮೈಲೇಜು ಬಿಟ್ಟರೆ ಬೇರೆ ಮಾತಿಲ್ಲ. ಹೊಗೆ ಇಲ್ಲ, ಸದ್ದು ಇಲ್ಲ, ಆಯಿಲ್ ಬೆರೆಸುವ ಗೋಜಿಲ್ಲ. ಒಂದು ದಿನ ನಮ್ಮ ಮನೆಗೆ ಬಂದವನು ನನ್ನ ಗಾಡಿಯನ್ನು ಸುತ್ತು ಹಾಕಿ ನೋಡಿ, "ಭಾವ, ಇದರ ನಂಬರು ಸಿದ್ದಾಪುರದ ಬಂಡೆ ಮೇಲೆ ಕೆತ್ತೈತೆ ನೋಡ್ರಿ, ಅಶೋಕನ ಶಾಸನದ ಪಕ್ಕದಾಗೆ" ಎಂದ. ಒಳಗಿನಿಂದ ರತ್ನ ನಕ್ಕಳು. ತಮ್ಮ ಹೇಳಿದ್ದಕ್ಕೆ ಅಲ್ಲ, ಬಹಳ ದಿನದಿಂದ ತಾನು ಹೇಳಬೇಕೆಂದಿದ್ದಕ್ಕೆ ನಕ್ಕ ಹಾಗಿತ್ತು ಆ ನಗು. ನನ್ನ ರೋಷ ನೆತ್ತಿಗೇರಿತು.

"ನೋಡೋ ತಿಪ್ಪೇಶ, ಬರೋ ಭಾನುವಾರ ನಿಮ್ಮನೆ ಹೊಸ ಮಗ್ಗದ ಪೂಜೆಗೆ ಹೆಂಗೂ ಬರ್ತೀವಿ. ಚಳ್ಳಕೆರೆಯಿಂದ ಮೊಳಕಾಲ್ಮುರು. ಯಾವ ಗಾಡಿ ಮೊದಲು ನಿಮ್ಮನೆ ಬಾಗಿಲು ಮುಟ್ಟತೈತೋ ನೋಡೇಬಿಡಾನ" ಎಂದೆ.

"ಸೋತ್ರೆ?" ಎಂದದ್ದು ತಿಪ್ಪೇಶನಲ್ಲ, ಬಾಗಿಲಿಗೆ ಬಂದು ನಿಂತಿದ್ದ ರತ್ನ.

"ಸೋತ್ರೆ ಗುಜರಿಗೆ ನಾನೇ ಹಾಕಿ ಬರ್ತೀನಿ. ಗೆದ್ರೆ ಈ ಗಾಡಿ ಮಾತು ಈ ಮನೇಲಿ ಯಾರೂ ಎತ್ತಂಗಿಲ್ಲ."

"ಮಾತು ಮಾತೇ ಮತ್ತೆ" ಎಂದು ರತ್ನ ಒಳಗೆ ಹೋದಳು. ಆಡಿಬಿಟ್ಟ ಮೇಲೆ ನನಗೇ ಸ್ವಲ್ಪ ಭಯವಾಯಿತು, ಆದರೆ ಹಿಂದೆ ಸರಿಯುವ ಯೋಚನೆ ಮಾತ್ರ ಬರಲಿಲ್ಲ.

ಶನಿವಾರವೇ ಬಂದು ತಂಗಿದ ತಿಪ್ಪೇಶ ಭಾನುವಾರ ಬೆಳಿಗ್ಗೆ ತಯಾರಾದ. ಹೊರಡುವ ಹೊತ್ತಿಗೆ ರತ್ನ ಹೊಸ ಸೀರೆ ಉಟ್ಟು ಬಂದು ನೇರವಾಗಿ ತಮ್ಮನ ಗಾಡಿಯ ಹಿಂದೆ ಕೂತಳು. "ಹೊಗೆ ಕುಡ್ಕೊಂಡು ತವರಿಗೆ ಹೋಗಲ್ಲ ನಾನು" ಎಂದಳು. ಕಟ್ಟಿಕೊಂಡ ಹೆಂಡತಿ ಎದುರಾಳಿಯ ಗಾಡಿ ಹತ್ತುವುದನ್ನು ನೋಡಿದವನ ಸಂಕಟ ನೋಡಿದವನಿಗೇ ಗೊತ್ತು. "ಇಬ್ಬರ ಭಾರ ನಂದು, ನೀವು ಒಬ್ರೇ. ಇದು ಸರಿ ಬರಲ್ಲ ಭಾವ" ಎಂದು ತಿಪ್ಪೇಶ ನ್ಯಾಯ ತೆಗೆದ. ಅದಕ್ಕೆ ಪರಿಹಾರವಾಗಿ, ಮಗ್ಗದ ಪೂಜೆಯ ಅಡುಗೆಗೆಂದು ನಮ್ಮ ಮಿಲ್ಲಿನಿಂದ ತಂದಿದ್ದ ಶೇಂಗಾ ಎಣ್ಣೆಯ ದೊಡ್ಡ ಡಬ್ಬವನ್ನು ರತ್ನ ಕೂರಬೇಕಾದ ಜಾಗದಲ್ಲಿ ಕೂರಿಸಿ ಹಗ್ಗದಿಂದ ಬಿಗಿದೆ. ತೂಕದಲ್ಲಿ ಡಬ್ಬ ರತ್ನಳಿಗೆ ಸಮವೇ ಎಂದು ತಿಪ್ಪೇಶ ಕೇಳಿದ. ಬುದ್ಧಿ ಇದ್ದ ಗಂಡಸು ಯಾರೂ ಉತ್ತರಿಸದ ಪ್ರಶ್ನೆ ಅದು. ನಾನು ಕಿಕ್ ಹೊಡೆದೆ.

ತಳಕು ದಾಟುವವರೆಗೆ ನಾನೇ ಮುಂದೆ. ಇದಕ್ಕೆ ನನ್ನ ಗಾಡಿಯ ಶೌರ್ಯ ಎಷ್ಟು ಕಾರಣವೋ ತಿಪ್ಪೇಶನ ಮೈಲೇಜೂ ಅಷ್ಟೇ ಕಾರಣ. ನಲವತ್ತಕ್ಕಿಂತ ಜಾಸ್ತಿ ಓಡಿಸಿದರೆ ಮೈಲೇಜು ಬೀಳುತ್ತದೆ ಎಂದು ಗಾಡಿ ಮಾರಿದವರು ಅವನ ಕಿವಿಯಲ್ಲಿ ಮಂತ್ರ ಊದಿ ಕಳಿಸಿದ್ದರು. ರೇಸಿನಲ್ಲೂ ಆ ಮಂತ್ರ ಬಿಡದ ಶಿಸ್ತುಗಾರ ಅವನು. ನಾನಾದರೋ ಕೈ ಪೂರ್ತಿ ತಿರುವಿ, ಎರಡೂ ಕಡೆಯ ಬಯಲು ಕಣ್ಣಿಗೆ ಕಾಣದಂತೆ ಹೊಗೆ ಬಿಟ್ಟುಕೊಂಡು ಹೋದೆ. ಆಗ ಗಾಡಿ ಕೆಮ್ಮಿತು. ಟ್ಯಾಂಕಿನಲ್ಲಿ ಪೆಟ್ರೋಲಿಲ್ಲ. ಭಾರ ಕಡಿಮೆಯಾದರೆ ವೇಗ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿ ನಾನೇ ಕಡಿಮೆ ಹಾಕಿಸಿದ್ದೆ. ಬೆನ್ನ ಹಿಂದೆ ಇಡೀ ಎಣ್ಣೆ ಡಬ್ಬ ಹೊತ್ತು ಟ್ಯಾಂಕಿನಲ್ಲಿ ತೂಕ ಉಳಿಸಿದ ಜಾಣತನದ ಹುಳುಕು ಆ ಹೊತ್ತಿನಲ್ಲಿ ನನಗೆ ಹೊಳೆದಿರಲಿಲ್ಲ.

ಪುಣ್ಯಕ್ಕೆ ಹತ್ತಿರದಲ್ಲೇ ಒಂದು ಸೈಕಲ್ ಶಾಪು, ಮುಂದೆ ಬಾಟಲಿಯಲ್ಲಿ ಪೆಟ್ರೋಲು. ಆದರೆ ಬೆರೆಸುವ ಆಯಿಲ್ ಕೇಳಿದರೆ ಶಾಪಿನವನು, "ಆಯಿಲ್ ಲೇದು ಸಾರೂ. ಈಗ ಯಾರು ಕೇಳ್ತಾರ್ರೀ ಅದನ್ನ" ಎಂದ. ಅಷ್ಟರಲ್ಲಿ ತಿಪ್ಪೇಶನ ಗಾಡಿ ಸದ್ದಿಲ್ಲದೆ ಪಕ್ಕದಲ್ಲೇ ಹಾದುಹೋಯಿತು. ರತ್ನ ತಿರುಗಿ ನೋಡಿದಳು, ಕೈ ಬೀಸಲಿಲ್ಲ. ನನ್ನ ಗಾಡಿ ಗುಜರಿಯವನ ತಕ್ಕಡಿ ಏರಿದಂತೆ ಕಣ್ಣಿಗೆ ಕಟ್ಟಿತು. ಆಗ ನನ್ನ ದೃಷ್ಟಿ ಹಿಂದಿನ ಡಬ್ಬದ ಮೇಲೆ ಬಿತ್ತು. ಬೇರೆ ಊರಿನವನಾಗಿದ್ದರೆ ಆ ಯೋಚನೆ ಬರುತ್ತಲೇ ಇರಲಿಲ್ಲ. ಆದರೆ ಚಳ್ಳಕೆರೆಯವರಿಗೆ ಎಣ್ಣೆಯ ಮೇಲೆ ಇರುವ ನಂಬಿಕೆಯೇ ಬೇರೆ. ನೆಗಡಿಗೂ ಎಣ್ಣೆ, ಮಂಡಿ ನೋವಿಗೂ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಎಣ್ಣೆ. ಇಂಜಿನ್ನಿಗೇಕೆ ಆಗಬಾರದು? ಅದೂ ನಮ್ಮ ಮಿಲ್ಲಿನ ಎಣ್ಣೆ, ನಾನೇ ಊರೂರಿಗೆ ಹೋಗಿ ಹೊಗಳಿ ಮಾರುವ ಎಣ್ಣೆ. ಶಾಪಿನವನ ಸ್ಕ್ರೂಡ್ರೈವರಿನಿಂದ ಡಬ್ಬಕ್ಕೆ ಎರಡು ತೂತು ಹೊಡೆದೆ, ಒಂದು ಎಣ್ಣೆ ಬರಲು, ಇನ್ನೊಂದು ಗಾಳಿ ಹೋಗಲು. ಆಯಿಲ್‌ಗಿಂತ ಇದು ತೆಳುವೆಂದು ಪೆಟ್ರೋಲಿನ ಜೊತೆ ಟ್ಯಾಂಕಿಗೆ ಎರಡು ಪಟ್ಟು ಸುರಿದು, ಡಬ್ಬದ ತೂತಿಗೆ ಬಟ್ಟೆ ತುರುಕಿ, ಕಿಕ್ ಹೊಡೆದೆ. ಗಾಡಿ ಹತ್ತಿಕೊಂಡಿತು. ಶಾಪಿನವನು ಮೂಗರಳಿಸಿ, "ಏನ್ ಸಾರ್, ಎಲ್ಲೋ ಮೆಣಸಿನಕಾಯಿ ಕರಿತಾವ್ರೆ" ಎಂದ.

ಬಿ.ಜಿ. ಕೆರೆಯ ಹತ್ತಿರ ತಿಪ್ಪೇಶನನ್ನು ದಾಟಿದೆ. ಆಗಲೂ ಅವನು ನಲವತ್ತರಲ್ಲೇ ಇದ್ದ. ಕರಿಯುವ ಬಾಂಡ್ಲಿಯಿಂದ ಎದ್ದು ಬಂದಂಥ ಹೊಗೆಯನ್ನು ಅವರಿಬ್ಬರ ಮುಖಕ್ಕೆ ಬಿಟ್ಟು ಮುಂದೆ ಹೋದೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಆಮೇಲೆ ತಿಳಿದ ವಿಷಯ ಇದು. ಆ ವಾಸನೆಗೆ ಅಕ್ಕ ತಮ್ಮ ಇಬ್ಬರಿಗೂ ಬಾಯಲ್ಲಿ ನೀರೂರಿ, ಇಲ್ಲೇ ಎಲ್ಲೋ ಬಿಸಿ ಬಿಸಿ ಕರಿಯುತ್ತಿದ್ದಾರೆ ಎಂದು ಹುಡುಕಿಕೊಂಡು ಹೋಗಿ, ಒಂದು ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಕೂತಿದ್ದರು.

ಮೊಳಕಾಲ್ಮುರಿನ ಬಂಡೆ ಗುಡ್ಡ ಹತ್ತಿರವಾಯಿತು. ಇನ್ನೇನು ಊರು ಬಂತು ಎನ್ನುವಾಗ ಇಂಜಿನ್ನು ಒಮ್ಮೆ ನರಳಿ ಗಕ್ಕನೆ ಹಿಡಿದುಕೊಂಡಿತು. ಕಿಕ್ಕರು ಅಲುಗಲೂ ಇಲ್ಲ. ನಾನು ಕೆಳಗಿಳಿದು ತಳ್ಳಲು ಶುರುಮಾಡಿದೆ. ಬಾಗಿಲು ಮುಟ್ಟಬೇಕು ಎಂದಷ್ಟೇ ಮಾತಾಗಿತ್ತು, ಇಂಜಿನ್ನು ಓಡುತ್ತಿರಬೇಕು ಎಂದು ಯಾರೂ ಹೇಳಿರಲಿಲ್ಲ. ಬಿಸಿಲಿಗೆ ಅಂಗಿ ಮೈಗಂಟಿತು, ತೂತಿನ ಬಟ್ಟೆ ಕಳಚಿ ಎಣ್ಣೆ ಪ್ಯಾಂಟಿನ ಮೇಲೆ ಇಳಿಯುತ್ತಿತ್ತು. ಆದರೂ ಬಿಡಲಿಲ್ಲ. ಮಾವನ ಮನೆಯ ಓಣಿ ಕಣ್ಣಿಗೆ ಕಾಣುವಾಗ ಪಕ್ಕದಲ್ಲಿ ಸದ್ದಿಲ್ಲದ ಗಾಡಿ ಬಂದು ನಿಂತಿತು.

"ಸಾಕು ಬಿಡ್ರಿ ಭಾವ. ನಾನು ಮುಂದೆ ಹೋಗಿ ಹೇಳ್ತೀನಿ, ಯಾರನ್ನಾದ್ರೂ ಕಳಿಸ್ತೀನಿ" ಎಂದ ತಿಪ್ಪೇಶ. ಅವನ ದನಿಯಲ್ಲಿ ಗೆದ್ದವನ ಕನಿಕರವಿತ್ತು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ರತ್ನ ಗಾಡಿಯಿಂದ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಗಾಡಿಯ ಹಿಂದೆ ಬಂದು ನಿಂತಳು. "ತಳ್ರಿ" ಎಂದಳು.

"ಅಕ್ಕ, ಇದು ರೇಸು. ಇದೇನು ನೀನು?"

"ನನ್ನ ಗಂಡ ಗಾಡಿ ತಳ್ಕೊಂಡು ನಿನ್ನ ಹಿಂದೆ ಬಂದ ಅಂತ ನಾಳೆ ಈ ಓಣಿಯೋರೆಲ್ಲ ಆಡ್ಕೊಂಡ್ರೆ ಹೋಗೋದು ನನ್ನ ಮರ್ಯಾದೆ. ನೀನು ಇಲ್ಲೇ ನಿಂತ್ಕೊ. ಬಾಯಿಗೆ ಕಾರ ಅಂಟೈತೆ, ಒರೆಸ್ಕೊ ಮೊದಲು."

ಅಕ್ಕನ ಮಾತು ಮೀರುವ ಧೈರ್ಯ ಆ ಹೊಸ ಗಾಡಿಗೂ ಇರಲಿಲ್ಲ. ನಾವಿಬ್ಬರೂ ತಳ್ಳಿಕೊಂಡು ಹೋಗಿ ಬಾಗಿಲು ಮುಟ್ಟಿಸಿದೆವು. ಅವಳು ಪಕ್ಕದಲ್ಲಿ ಏದುಸಿರು ಬಿಡುತ್ತಾ ತಳ್ಳುತ್ತಿದ್ದಾಗ ನನಗೆ ಆದ ಸಂತೋಷ, ನಿಜ ಹೇಳುತ್ತೇನೆ, ಮದುವೆಯ ದಿನವೂ ಆಗಿರಲಿಲ್ಲ. ಅತ್ತೆ ಹೊರಗೆ ಬಂದು ಮೊದಲು ನನ್ನನ್ನೂ ಆಮೇಲೆ ಡಬ್ಬವನ್ನೂ ನೋಡಿ, "ಅಳಿಯಂದ್ರೆ, ಬಾಂಡ್ಲಿ ಇಟ್ಕೊಂಡು ಕಾಯ್ತಾ ಇದೀವಿ. ಅರ್ಧ ಡಬ್ಬ ಎಲ್ಲೋಯ್ತು?" ಎಂದರು. "ಗಾಡಿ ಕುಡೀತು" ಎಂದೆ. ಹೊಸ ಮಗ್ಗದ ಪೂಜೆಗೆ ಬಂದವರೆಲ್ಲ ಮಗ್ಗ ಬಿಟ್ಟು ನನ್ನ ಗಾಡಿಯನ್ನೇ ನೋಡಿದರು.

ಇಂಜಿನ್ನು ಬಿಚ್ಚಿ ಸರಿಮಾಡಲು ಮೆಕ್ಯಾನಿಕ್ಕನಿಗೆ ತಿಂಗಳೊಪ್ಪತ್ತು ಹಿಡಿಯಿತು. ಅಲ್ಲಿಯವರೆಗೆ ಓಡಾಡಲು ತಿಪ್ಪೇಶ ತನ್ನ ಗಾಡಿಯನ್ನು ನನಗೆ ಬಿಟ್ಟುಕೊಟ್ಟ, ಪಾಪ. ಈಗ ಗುಟ್ಟಾಗಿ ಒಂದು ಮಾತು ಹೇಳಬೇಕು. ಆ ಗಾಡಿ ಬಹಳ ಚೆನ್ನಾಗಿದೆ. ಒಂದೇ ಕಿಕ್‌ಗೆ ಹತ್ತಿಕೊಳ್ಳುತ್ತದೆ, ಸೊಂಟ ನೋಯುವುದಿಲ್ಲ, ರಾಂಪುರದ ಅಂಗಡಿಯವರು ನನ್ನನ್ನು ಕಂಡು ಮೂಗು ಮುಚ್ಚಿಕೊಳ್ಳುವುದಿಲ್ಲ. ನನ್ನದು ರಿಪೇರಿಯಾಗಿ ಬರುವ ಹೊತ್ತಿಗೆ ನಾನು ಮನಸ್ಸಿನಲ್ಲಿ ಪೂರ್ತಿ ಪಕ್ಷ ಬದಲಿಸಿದ್ದೆ. ಒಂದು ದಿನ ಊಟದ ಹೊತ್ತಿಗೆ, "ಗುಜರಿಯವನು ಈ ಕಡೆ ಬರ್ತಾನೇನು ಈಗ?" ಎಂದು ಸುಮ್ಮನೆ ಕೇಳಿದಂತೆ ಕೇಳಿದೆ.

ರತ್ನ ಸೌಟು ಕೆಳಗಿಟ್ಟಳು. "ಗಾಡಿ ಮಾತು ಈ ಮನೇಲಿ ಯಾರೂ ಎತ್ತಂಗಿಲ್ಲ ಅಂದೋರು ನೀವೇ. ನಾನು ಸೀರೆ ಹಾಳು ಮಾಡ್ಕೊಂಡು ಗೆದ್ದಿರೋ ಗಾಡಿ ಅದು. ಅಲ್ಲದೆ ತಿಪ್ಪೇಶನ ಗಾಡೀಲಿ ನೀವು ಯಾವಾಗ ಬರ್ತೀರೋ ತಿಳಿಯದೆ ತಿಂಗಳೆಲ್ಲ ತಣ್ಣಗಿನ ಮುದ್ದೆ ಬಡಿಸೀನಿ."

ಹೀಗಾಗಿ ಈಗಲೂ ದಿನಾ ಬೆಳಿಗ್ಗೆ ನಾನು ಅದೇ ಗಾಡಿಯ ಮೇಲೆ ಕೂತು ಒದೆಯುತ್ತೇನೆ. ಅದು ಹತ್ತಿಕೊಳ್ಳುವುದಿಲ್ಲ. ಇವತ್ತಾದರೂ ಸಾಯಲಿ ಎಂದು ನಾನು ಒಳಗೊಳಗೇ ಹಾರೈಸುತ್ತಾ ಕಾಲು ತೆಗೆಯುವಷ್ಟರಲ್ಲಿ ಅಡುಗೆಮನೆಯಿಂದ ರತ್ನಳ ದನಿ ಬರುತ್ತದೆ. "ಬಿಡಬ್ಯಾಡ್ರಿ, ಇನ್ನೊಂದು ಹೊಡೀರಿ."

ಇನ್ನೊಂದು ಹೊಡೆಯುತ್ತೇನೆ. ಹಾಳಾದ್ದು, ಹತ್ತಿಕೊಳ್ಳುತ್ತದೆ.